ಭಾವನ ಹೆಸರಿನ ಬೇನೆ

ಜೀಡಿಮೆಟ್ಲಾ, ಹೈದರಾಬಾದ್
ಶನಿವಾರ, 2 ಆಗಸ್ಟ್ 2025

ವಿಜಯಕ್ಕನಿಗೆ ಶಿವದೇವಿ ಮಾಡುವ ಶರಣು.

ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ ಎಂದು ಮೊದಲ ಸಾಲು ಬರೆಯಬೇಕೆಂದು ಸೇಡಂ ಶಾಲೆಯಲ್ಲಿ ಕಲಿಸಿದ್ದರು. ಆ ಸಾಲನ್ನು ಬಿಟ್ಟಿದ್ದೇನೆ.

ಗುರುವಾರ ನೀವು ಫೋನ್ ಮಾಡಿದಾಗ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೀವು ಅಳುತ್ತಿದ್ದಿರಿ. ನೀವು ಅತ್ತರೆ ನನಗೆ ಮಾತು ಬರುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನೀವು ಇದನ್ನು ಓದಿ ಎಷ್ಟು ಅತ್ತರೂ ಇಲ್ಲಿ ಕೇಳಿಸುವುದಿಲ್ಲ. ನಾಳೆ ಪಿಂಕಿ ಅಮೀರ್‌ಪೇಟ್ ಹಾಸ್ಟೆಲಿಗೆ ಹಿಂದಿರುಗುವಾಗ ನಿಮ್ಮ ಕ್ವಾರ್ಟರ್ಸಿಗೆ ಬಂದು ಇದನ್ನು ಕೊಟ್ಟು ಹೋಗುತ್ತಾಳೆ. ಅವಳಿಗೆ ಚಹಾ ಕೊಡಬೇಡಿ, ಕುಡಿಯುವುದಿಲ್ಲ.

ನೀವು ಕೇಳಿದ್ದು ಇಷ್ಟು. ಸೋಮವಾರ ಭಾವನವರ ಫ್ಯಾಕ್ಟರಿಯಿಂದ ವಿಚಾರಣೆಯ ಸಾಹೇಬರು ನಮ್ಮ ಮನೆಗೆ ಬರುತ್ತಾರೆ. ಭಾವನವರಿಗೆ ಫ್ಯಾಕ್ಟರಿ ಕೊಟ್ಟ ಪುಕ್ಕಟೆ ಔಷಧದ ಆಸ್ಪತ್ರೆ ಕಾರ್ಡನ್ನು ನನ್ನ ಗಂಡ ಅವರಿಗೆ ತಿಳಿಯದಂತೆ ಒಯ್ದು, ಅವರ ಹೆಸರು ಹೇಳಿಕೊಂಡು ಕ್ಯಾನ್ಸರಿಗೆ ಔಷಧ ಮಾಡಿಸಿಕೊಂಡರು ಎಂದು ನಾನು ಹೇಳಬೇಕು. ಹೇಳಿ ಸಹಿ ಮಾಡಬೇಕು. "ಸತ್ತಾಂವಗ ಏನ್ ಹತ್ತತೈತಿ ಶಿವಾ? ಇದ್ದಾಂವನ ನೌಕರಿ ಉಳೀತೈತಿ" ಅಂದಿರಿ. "ಪಿಂಕಿಗೆ ಇದನ್ನ ಹೇಳಬ್ಯಾಡ, ಸಣ್ಣಾಕಿ ಅದಾಳ" ಅಂತಲೂ ಅಂದಿರಿ. ನಿಮ್ಮ ಮಗಳು ಗಾನವಿ ಅವಳಿಗೆ ಆಗಲೇ ಹೇಳಿದ್ದಳು. ನಿನ್ನೆ ಪಿಂಕಿ ಹಾಸ್ಟೆಲಿನಿಂದ ಮನೆಗೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಅವ್ವಾ, ಸೋಮವಾರದಿಂದ ನಮ್ಮಪ್ಪ ಕಳ್ಳ ಆಗ್ತಾನಂತ, ಖರೇನ?" ಎಂದು ಕೇಳಿದಳು.

ನಮ್ಮ ಮನೆತನದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಭಾವನ ಹೆಸರೂ ಹೇಳುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆಕಾಶದ ಚಂದ್ರನಿಗೂ 'ತಂಪಿನಾಂವ' ಅನ್ನುತ್ತಿದ್ದೆ, ಅಕ್ಕಿಯೊಳಗಿನ ಕಲ್ಲಿಗೆ 'ಹರಳು' ಅನ್ನುತ್ತಿದ್ದೆ. ನೀವು ಸೆರಗು ಬಾಯಿಗಿಟ್ಟು ನಗುತ್ತಿದ್ದಿರಿ. ಈ ಪತ್ರದಲ್ಲಿ ಇಬ್ಬರ ಹೆಸರನ್ನೂ ಬರೆಯುತ್ತೇನೆ. ಯಾರು ಯಾರೆಂಬುದು ಒಮ್ಮೆ ಕಲಸಿಹೋಗಿದ್ದು ಸಾಕು. ನನ್ನ ಗಂಡ ಕಲ್ಲೇಶ. ಭಾವ, ಅವರ ಅಣ್ಣ, ನಿಮ್ಮ ಗಂಡ ಚಂದ್ರಕಾಂತ. ಬೇನೆ ಬಂದದ್ದು ಕಲ್ಲೇಶ ಅವರಿಗೆ.

ಆಸ್ಪತ್ರೆಯಲ್ಲಿ ಮೊದಲ ದಿನ ಕೌಂಟರಿನ ಹುಡುಗಿ ಪೇಷಂಟಿನ ಹೆಸರು ಕೇಳಿದಳು. ಹುಣ್ಣಿಮೆಯ ದಿನವೂ ಬಾಯಿಗೆ ತಾರದ ಹೆಸರನ್ನು ಗಂಡನ ಹೆಸರೆಂದು ಹೇಳಿದೆ. ನಿಮ್ಮ ಹೆಸರೇನಮ್ಮಾ ಎಂದಳು. ವಿಜಯಶ್ರೀ ಎಂದು ನಿಮ್ಮ ಹೆಸರು ಹೇಳಿದೆ. ಅಣ್ಣತಮ್ಮಂದಿರಿಗೆ ಒಂದೇ ಹಣೆ, ಒಂದೇ ಮೂಗು. ಕಾರ್ಡಿನ ಮೇಲಿನ ಫೋಟೋ ಹಳೆಯದು. ಯಾರಿಗೂ ಸಂಶಯ ಬರಲಿಲ್ಲ. ಭಾವನವರು ಪೇಷಂಟಿನ ತಮ್ಮ ಕಲ್ಲೇಶ ಆಗಿ ಪಕ್ಕದಲ್ಲಿ ನಿಂತಿದ್ದರು. ಡ್ಯೂಟಿ ಮುಗಿಸಿ ದಿನವೂ ಎಳನೀರು ಹಿಡಿದು ಬರುತ್ತಿದ್ದುದನ್ನು ನೋಡಿ ವಾರ್ಡಿನ ನರ್ಸ್, "ನೀ ತಮ್ಮುಡು ಚಾಲಾ ಮಂಚೋಡು" ಎಂದಳು, ನಿಮ್ಮ ತಮ್ಮ ಬಹಳ ಒಳ್ಳೆಯವನು ಎಂದು ಕಲ್ಲೇಶ ಅವರ ಮುಂದೆ ಹೊಗಳಿದಳು. ಅವರು ಮಲಗಿದಲ್ಲೇ ನಕ್ಕು, "ನೋಡಣ್ಣಾ, ಬೇಷ್ ಆತು. ನನ್ನ ಹೆಸರಿಗೆ ನನ್ನಕಿಂತ ನಿನ್ನಿಂದನ ಮರ್ಯಾದಿ ಬಂತು" ಅಂದರು. ಭಾವನವರೂ ನಕ್ಕರು. ಆಗ ಇನ್ನೂ ನಗಲು ಬರುತ್ತಿತ್ತು.

ಹೋದ ವರ್ಷ ದಸರಾ ಮುಗಿಯುವ ಹೊತ್ತಿಗೆ ಬೇನೆ ಶ್ವಾಸಕೋಶ ದಾಟಿ ಬೆನ್ನೆಲುಬಿಗೆ ಇಳಿದಿತ್ತು. ಡಾಕ್ಟರಮ್ಮ ಭಾವನವರನ್ನೂ ನನ್ನನ್ನೂ ಒಳಗೆ ಕರೆದು ಬಾಗಿಲು ಮುಚ್ಚಿದರು. ಇನ್ನು ಕೀಮೋ ಕೊಟ್ಟರೆ ಅವರಿಗೆ ಹಿಂಸೆ ಅಷ್ಟೇ, ಅದನ್ನು ನಿಲ್ಲಿಸುತ್ತೇನೆ ಎಂದು ಹಿಂದಿಯಲ್ಲಿ ಹೇಳಿದರು. ನಮ್ಮನ್ನು ಕೈಬಿಟ್ಟರು ಎಂದೇ ನಾನು ತಿಳಿದು ಅಳಲು ಶುರುಮಾಡಿದೆ. ಅವರು ತಮ್ಮ ಕುರ್ಚಿ ಬಿಟ್ಟು ಬಂದು ನನ್ನ ಹತ್ತಿರ ಕುಳಿತರು. ನೋವು ಇಳಿಸುವುದನ್ನೇ ಕಲಿತ ಡಾಕ್ಟರರು, ನರ್ಸುಗಳು ಬೇರೆ ಇದ್ದಾರೆ, ಪ್ಯಾಲಿಯೇಟಿವ್ ಎನ್ನುತ್ತಾರೆ, ಅವರಿಗೆ ಬರೆದು ಕೊಡುತ್ತೇನೆ, ಗಾಡಿಯಲ್ಲಿ ಮನೆಗೇ ಬಂದು ನೋಡುತ್ತಾರೆ ಅಂದರು. ಮಾರ್ಫಿನ್ ಎಂಬ ಗುಳಿಗೆ ಇದೆ, ಅದನ್ನು ಅಂಗಡಿಯಲ್ಲಿ ಹಾಗೆ ಕೊಡುವುದಿಲ್ಲ, ಆ ತಂಡದವರು ಪೇಷಂಟನ್ನು ಕಣ್ಣಾರೆ ನೋಡಿ ಕೊಡುತ್ತಾರೆ, ಕೊಟ್ಟರೆ ನಿದ್ದೆ ಮಾಡುತ್ತಾರೆ, ಊಟ ಮಾಡುತ್ತಾರೆ, ನಿಮ್ಮ ಜೊತೆ ಮಾತಾಡುತ್ತಾರೆ ಅಂದರು. ವಿಜಯಶ್ರೀ ಜೀ, ನಿಮ್ಮ ಪತಿ ಎಷ್ಟು ದಿನ ಇರುತ್ತಾರೋ ಹೇಳಲಾರೆ, ಆದರೆ ಇರುವಷ್ಟು ದಿನ ಕೂಗಬೇಕಾಗಿಲ್ಲ ಅಂದರು. ಆ ಮಾತು ನನ್ನ ತಲೆಯಲ್ಲಿ ಹಾಗೇ ಇದೆ.

ಕಾರ್ಡಿನ ಮೇಲಿರುವ ಅಡ್ರೆಸ್ಸಿಗೇ ಕಳಿಸಲೇ ಎಂದು ಕೇಳಿದರು. ನಾನು ಭಾವನವರ ಮುಖ ನೋಡಿದೆ. ಅವರು ಹೌದು ಅಂದರು. ಬೇರೆ ಅಡ್ರೆಸ್ ಹೇಳಿದರೆ ಎಲ್ಲಿ ಗುಟ್ಟು ಬಯಲಾಗುತ್ತದೋ ಎಂಬ ಹೆದರಿಕೆ ಇಬ್ಬರಿಗೂ ಇತ್ತು. ಹೊರಗೆ ಬಂದ ಮೇಲೆ ಹೇಳಿದರು: "ಅಲ್ಲಿಗೇ ಬರ್ಲಿ ತಂಗಿ. ನಾ ಅವರ ಗಾಡಿ ಮುಂದ ಸ್ಕೂಟರ್ ಹೊಡ್ಕೊಂಡು ನಿಮ್ಮ ಮನಿಗೆ ಕರ್ಕೊಂಡ್ ಬರ್ತೀನಿ. ನೀ ಚಿಂತಿ ಬಿಡು."

ನಾನು ಚಿಂತೆ ಬಿಟ್ಟೆ, ಅಕ್ಕ. ಮನೆಗೆ ಬಂದು ಕಲ್ಲೇಶ ಅವರಿಗೆ ಹೇಳಿದೆ. ಅವರು ಗೋಡೆ ಕಡೆಗಿದ್ದ ಮುಖ ತಿರುಗಿಸಿ, "ನಿದ್ದಿ ಬರ್ತೈತಂತೇನು?" ಎಂದು ಒಂದೇ ಕೇಳಿದರು.

ಆಮೇಲೆ ಕಾದದ್ದೇ ಕಾದದ್ದು. ಗಲ್ಲಿಯಲ್ಲಿ ಯಾವ ಗಾಡಿ ನಿಂತರೂ ಬಾಗಿಲಿಗೆ ಓಡುತ್ತಿದ್ದೆ, ಗ್ಯಾಸಿನ ಗಾಡಿ, ನೀರಿನ ಗಾಡಿ, ಶಾಲೆಗೆ ಹೋಗುವ ಮಕ್ಕಳ ಆಟೋ. ಭಾವನವರಿಗೆ ಫೋನ್ ಮಾಡಿದರೆ, "ಬಂದಿಲ್ಲ ತಂಗಿ, ಅವರ ಲಿಸ್ಟ್ ಭಾಳ ಉದ್ದ ಐತಂತ" ಅನ್ನುತ್ತಿದ್ದರು. ಇನ್ನೊಮ್ಮೆ, "ಆ ಗಾಡಿ ಕೆಟ್ಟೈತಂತ." ಮತ್ತೊಮ್ಮೆ ಫೋನ್ ಎತ್ತಲಿಲ್ಲ. ನಾನೇ ಆಸ್ಪತ್ರೆಗೆ ಹೋಗಿ ಕೇಳಿದರೆ ಗುಟ್ಟು ಬಯಲಾದೀತೆಂದು ಹೆದರಿ ಹೋಗಲಿಲ್ಲ. ಮೆಡಿಕಲ್ ಅಂಗಡಿಯಿಂದ ಜ್ವರದ ಗುಳಿಗೆ, ಮೈಕೈ ನೋವಿನ ಗುಳಿಗೆ ತಂದು ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದರು. ಒಳಗೆ ಬರುವುದನ್ನು ಬಿಟ್ಟಿದ್ದರು. ತಮ್ಮನ ಸಂಕಟ ನೋಡಲಾರರು ಪಾಪ ಎಂದು ನಾನು ತಿಳಿದಿದ್ದೆ.

ನೋವನ್ನು ಬರೆಯಲು ನನಗೆ ಬರುವುದಿಲ್ಲ. ಕಂಡದ್ದು ಬರೆಯುತ್ತೇನೆ. ಹೊದಿಕೆ ತಾಗಿದರೆ ಬೆನ್ನು ಉರಿಯುತ್ತದೆ ಎಂದು ಚಳಿಯಲ್ಲೂ ಹೊದೆಯುತ್ತಿರಲಿಲ್ಲ. ಮಗ್ಗುಲು ತಿರುಗಿಸುವಾಗ ಬಾಯಿಗೆ ಟವಲ್ ಕೊಡು ಅನ್ನುತ್ತಿದ್ದರು. ಕೊಟ್ಟ ಟವಲುಗಳೆಲ್ಲ ತೂತು ಬಿದ್ದಿವೆ. ಓಣಿಯವರಿಗೆ ಕೂಗು ಕೇಳಬಾರದೆಂದು ಟಿವಿ ದೊಡ್ಡದಾಗಿ ಇಡಿಸುತ್ತಿದ್ದರು. ಎದುರು ಮನೆಯ ಕಮಲಾಕ್ಷಿ ಬಂದು, "ಏನ್ರೀ ಶಿವದೇವಿ, ಮನ್ಯಾಗ ಪೇಷಂಟ್ ಇಟ್ಕೊಂಡು ಇಷ್ಟ್ ಜೋರಾಗಿ ಧಾರಾವಾಹಿ ನೋಡ್ತೀರಿ, ನಿಮ್ಮ ಜೀವ ಭಾರೀ ಗಟ್ಟಿ" ಎಂದು ಹೇಳಿ ಹೋದಳು. ಅವಳ ಕಣ್ಣಿಗೆ ನಾನು ಧಾರಾವಾಹಿ ನೋಡುವ ಹೆಂಗಸಾಗಿಯೇ ಇರಲಿ ಎಂದುಕೊಂಡೆ. ಕೊನೆಕೊನೆಗೆ ಅವರು ಪಿಂಕಿಯನ್ನು ಹತ್ತಿರ ಬರಗೊಡಲಿಲ್ಲ. ಮಗಳು ಮುಟ್ಟಿದರೂ ಬೈಯುವಂತೆ ಆಗಿದ್ದರು. ಎಂದೂ ಬೈದವರಲ್ಲ. ಸಂಕ್ರಾಂತಿಗೆ ಮುಂಚೆ ಹೋದರು. ಹೋಗುವಾಗ ಏನು ಹೇಳಿದರು ಎಂದು ಮಣ್ಣಿನ ದಿನ ನೀವು ನನ್ನನ್ನು ಕೇಳಿದಿರಿ. ಏನೂ ಹೇಳಲಿಲ್ಲ ಅಂದೆ. ಹಲ್ಲುಗಳ ನಡುವೆ ಬಟ್ಟೆ ಇತ್ತು, ಅಕ್ಕ.

ಇದೆಲ್ಲ ಮುಗಿದು ಮಳೆಗಾಲ ಬರುವ ಹೊತ್ತಿಗೆ ಆಸ್ಪತ್ರೆಯ ಕಾಗದ ನಿಧಾನವಾಗಿ ನಡೆದು ಭಾವನವರ ಫ್ಯಾಕ್ಟರಿಗೆ ಮುಟ್ಟಿತು. ನಿಮ್ಮ ನೌಕರ ಚಂದ್ರಕಾಂತನಿಗೆ ಇನ್ನು ಗುಣಪಡಿಸುವ ಔಷಧವಿಲ್ಲ, ನೋವಿನ ಆರೈಕೆಗೆ ಕಳಿಸಿದ್ದೇವೆ ಎಂದು ಅದರಲ್ಲಿತ್ತಂತೆ. ಪಾಪ, ಅವರ ಆಫೀಸಿನವರು ಸೇಬು, ಮೋಸಂಬಿ ಕಟ್ಟಿಸಿಕೊಂಡು, ಸಾಯುತ್ತಿರುವ ಮನುಷ್ಯನನ್ನು ನೋಡಲು ನಿಮ್ಮ ಕ್ವಾರ್ಟರ್ಸಿಗೆ ಬಂದರು. ಚಂದ್ರಕಾಂತ ಸ್ಕೂಟರಿನ ಚಕ್ರ ಬಿಚ್ಚಿಕೊಂಡು ಅಂಗಳದಲ್ಲಿ ಕುಳಿತಿದ್ದರು. ವಿಚಾರಣೆ ಶುರುವಾದದ್ದು ಹಾಗೆ. ಗಾನವಿ ಇದನ್ನು ಹೇಳುವಾಗ ಅವಳಿಗೇ ನಗು ಬಂತು. ನಕ್ಕದ್ದಕ್ಕೆ ಅತ್ತಳು. ಆ ಹಣ್ಣು ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ.

ಅಲ್ಲಿಯವರೆಗೆ ನನಗೆ ಭಾವನವರ ಮೇಲೆ ಸಿಟ್ಟಿರಲಿಲ್ಲ. ಅಯ್ಯೋ, ನಮ್ಮಿಂದ ಅವರಿಗೆ ಹೀಗಾಯಿತು ಎಂದೇ ಇತ್ತು. ಗುರುವಾರದ ಮಾತನ್ನು ನೀವು ಒಂದು ತಿಂಗಳ ಹಿಂದೆ ಕೇಳಿದ್ದರೆ ನಾನು ಸಹಿ ಮಾಡುತ್ತಿದ್ದೆನೋ ಏನೋ.

ಕಮಲಾಕ್ಷಿಯ ಅತ್ತೆ ಅಂಬವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ. ಆಷಾಢದಲ್ಲಿ ಮುದುಕಿ ಕೂಗುವುದು ನಮ್ಮ ಮನೆಗೆ ಕೇಳಿಸತೊಡಗಿತು. ಅವರ ಮನೆಯವರು ಟಿವಿ ಹಚ್ಚಲಿಲ್ಲ. ಒಂದು ದಿನ ಬಿಳಿ ಗಾಡಿ ಬಂದು ಅವರ ಬಾಗಿಲಿಗೆ ನಿಂತಿತು. ಒಬ್ಬ ಡಾಕ್ಟರ್, ಒಬ್ಬ ನರ್ಸ್ ಇಳಿದರು. ಮುದುಕಿಯ ಹತ್ತಿರ ತುಂಬ ಹೊತ್ತು ಕುಳಿತು, ಎಲ್ಲೆಲ್ಲಿ ನೋವು, ಹೇಗೆ ಬರುತ್ತದೆ ಎಂದು ಕೇಳಿ ಗುಳಿಗೆ ಕೊಟ್ಟು ಹೋದರು. ಮರುದಿನ ಕೂಗು ನಿಂತಿತು. ಹೋಗಿಬಿಟ್ಟಳು ಎಂದುಕೊಂಡು ನಾನು ಸೆರಗು ಹೊದ್ದು ಓಡಿದೆ. ಅಂಬವ್ವ ದಿಂಬಿಗೆ ಒರಗಿ ಕುಳಿತು, "ಇಷ್ಟ್ ವರ್ಷ ಆದ್ರೂ ನಿನಗ ಒಂದ್ ಬದನಿಕಾಯಿ ಪಲ್ಯ ಬರವಲ್ದು, ನಿಮ್ಮವ್ವ ಏನ್ ಕಲಸ್ಯಾಳ?" ಎಂದು ಸೊಸೆಯನ್ನು ಬೈಯುತ್ತಿದ್ದಳು. ಕಮಲಾಕ್ಷಿ ಒಲೆಯ ಮುಂದೆ ನಿಂತು ಸಂತೋಷದಿಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸಾಯುವ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಅಕ್ಕ. ಯಾರಿಗಾದರೂ ಇಂಥ ಹೊಟ್ಟೆಕಿಚ್ಚು ಬಂದದ್ದುಂಟೋ ಇಲ್ಲವೋ ಕಾಣೆ.

ಮುಂದಿನ ವಾರ ಗಾಡಿ ಬಂದಾಗ ಡಾಕ್ಟರ್ ಒಳಗಿದ್ದರು, ನರ್ಸ್ ಕೈತೊಳೆಯಲು ನಮ್ಮ ನಳಕ್ಕೆ ಬಂದಳು. ಲಹರಿ ಅಂತ, ರಾಯಚೂರಿನ ಹುಡುಗಿ. ನನ್ನ ಮಾತು ಕೇಳಿ ಖುಷಿಯಾದಳು. "ಅಯ್ಯ, ನೀವೂ ನಮ್ಮ ಕಡ್ಯಾವ್ರೇನ್ರಿ? ತೆಲುಗು ಮಾತಾಡಿ ಮಾತಾಡಿ ನಾಲಿಗಿ ಸವದೈತಿ ನಂದು" ಅಂದಳು. ಚಹಾ ಕುಡಿಯುತ್ತ ಮಾತಿಗೆ ಮಾತು ಬಂತು. "ಹ್ವಾದ ಚಳಿಗಾಲದಾಗ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಒಂದು ಕನ್ನಡದವರ ಮನಿಗೆ ಹೋಗಿದ್ವಿರಿ. ಬಾಗಲಾ ತೆಗದಾವ್ರು ಯಾರ್ ಗೊತ್ತೇನ್ರಿ? ಖುದ್ದ ಪೇಷಂಟ್! ಗಲ್ಲಕ್ಕ ಸೋಪು, ಕೈಯಾಗ ಬ್ಲೇಡು. ನಮ್ಮ ಕಾಗದದಾಗಿನ ಫೋಟೋದ್ದ ಮಾರಿ. ಆ ಮನಿಷಾ ಊರಿಗೆ ಹೋಗ್ಯಾನ, ಇನ್ನ ಬರಂಗಿಲ್ಲ ಅಂತ ಹೇಳಿ ಕಳಿಸಿದ್ರು. ನಾವು ಗಾಡ್ಯಾಗ ಕುಂತು ನಕ್ಕಿದ್ದೇ ನಕ್ಕಿದ್ದು. ಸಾಯೋ ಪೇಷಂಟ್ ದಾಡಿ ಮಾಡ್ಕೊಳಾಕತ್ತಾನಲ್ಲ ಅಂತ."

ನಾನು ನಗಲಿಲ್ಲ. ಚಂದ್ರಕಾಂತ ಅಂತ ಹೆಸರೇನು ಎಂದು ಕೇಳಿದೆ. ಹೌದು ಎಂದು ಅವಳು ಕಪ್ಪನ್ನು ಕೆಳಗಿಟ್ಟಳು. ಎಲ್ಲ ಹೇಳಿದೆ. ಅವಳು ನಮ್ಮ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ಆವಾಗ ನೀವು ಎಲ್ಲಿದ್ರಿ ಅಕ್ಕಾರ?" ಅಂದಳು. ಇಲ್ಲೇ, ಈ ಗೋಡೆಯ ಆಚೆ, ಎಂದು ತೋರಿಸಿದೆ.

ಆಗ ನಿಮ್ಮ ಎದುರು ಮನೆಯವರು ಅಂಗಳದಲ್ಲಿ ನಿಂತು ನೋಡುತ್ತಿದ್ದರಂತೆ. ಅದನ್ನೂ ಲಹರಿ ಹೇಳಿದಳು. ನಿಮ್ಮ ಎದುರಿಗಿರುವವರು ವಿನಾಯಕ, ಭಾವನವರ ಸೆಕ್ಷನ್ನಿನವರೇ. ಕಾರ್ಡಿನ ಗುಟ್ಟು ಹೊರಬಿದ್ದೀತೆಂದು ಭಾವನವರು ಹೆದರಿರಬೇಕು, ನನಗೆ ಅರ್ಥವಾಗುತ್ತದೆ. ಆದರೆ ಆ ಸಂಜೆ ವಿನಾಯಕ ಇರಲಿಲ್ಲ. ಮರುದಿನ ಇರಲಿಲ್ಲ. ಕ್ವಾರ್ಟರ್ಸಿನ ಗೇಟಿನ ಹೊರಗೆ ಯಾರೂ ಇರಲಿಲ್ಲ. ಲಹರಿ ಆ ಕಾಗದದಲ್ಲಿದ್ದ ಭಾವನವರ ನಂಬರಿಗೆ ಮತ್ತೆ ಫೋನ್ ಕೂಡ ಮಾಡಿದ್ದಳಂತೆ.

ಅವಳು ಇನ್ನೊಂದು ಮಾತು ಹೇಳಿದಳು. ಒಳಗಿನಿಂದ ಒಬ್ಬ ಅಕ್ಕ ಬಂದು ತಂಬಿಗೆಯಲ್ಲಿ ನೀರು ಕೊಟ್ಟರು, ಬೆಲ್ಲವನ್ನೂ ಕೊಟ್ಟರು, ಭಾಳ ಒಳ್ಳೆಯವರು ಅಂದಳು. ನಿಮ್ಮ ಮನೆಯ ಪದ್ಧತಿ ಅದು, ಬಂದವರಿಗೆ ಬೆಲ್ಲ ನೀರು. ನೀರು ಕೊಟ್ಟಿರಿ, ಅಕ್ಕ. ನಮ್ಮ ಗಲ್ಲಿಯ ಹೆಸರು ಕೊಡಲಿಲ್ಲ. ನಾನು ಅದೇ ದಿನ ನಿಮಗೆ ಫೋನ್ ಮಾಡಿ, ಗಾಡಿ ಯಾವಾಗ ಬರುತ್ತದೆ ಎಂದು ಕೇಳಿರಬೇಕು. ಕೇಳದ ದಿನವೇ ಇರಲಿಲ್ಲ.

ಈಗ ಸೋಮವಾರದ ಮಾತು.

ಕಾರ್ಡು ಹೇಗೆ ಬಂತೆಂಬುದನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಭಾವನವರು ಮಳೆಯಲ್ಲಿ ತೊಯ್ದುಕೊಂಡು ಬಂದರು. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಕಲ್ಲೇಶ ಅವರು, "ಬ್ಯಾಡಣ್ಣ, ನಿನ್ನ ನೌಕರಿ ಮ್ಯಾಲ ಬರ್ತೈತಿ" ಎಂದು ಕೈ ಹಿಂದೆ ಕಟ್ಟಿಕೊಂಡು ನಿಂತರು. ಭಾವನವರು ಆ ಕೈ ಬಿಡಿಸಿ ಅದರಲ್ಲಿ ಇಟ್ಟರು. "ಸಣ್ಣಾಂವ ಇದ್ದಾಗಿಂದ ನನ್ನ ಅಂಗಿ ಹಾಕ್ಕೊಂಡ ತಿರುಗಿದಾಂವ ನೀ. ಈಗ ಹೆಸರ ಹಾಕ್ಕೋ. ನೌಕರಿ ಹೋದ್ರ ಮತ್ತೊಂದು ಸಿಗ್ತೈತಲೇ, ತಮ್ಮನ್ನ ಎಲ್ಲಿಂದ ತರ್ಲಿ?" ಅಂದರು. ನಗುತ್ತಲೇ ಅಂದರು, ಆಮೇಲೆ ಇಬ್ಬರೂ ಅತ್ತರು. ನಾನು ಅಡುಗೆಮನೆಗೆ ಹೋದೆ, ಗಂಡಸರು ಅಳುವುದನ್ನು ನೋಡಬಾರದೆಂದು.

ಅದನ್ನು ಕಳವು ಎಂದು ಹೇಳು ಅನ್ನುತ್ತೀರಿ. ಹೇಳಿದರೆ ಸತ್ತವರು ಕಳ್ಳರಾಗುತ್ತಾರೆ, ಅದು ಒಂದು. ಇನ್ನೊಂದನ್ನು ನೀವು ಯೋಚಿಸಿದ್ದೀರೋ ಇಲ್ಲವೋ. ಭಾವನವರು ನಮ್ಮ ಮನೆಗೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಕಳುವಾಯಿತು ಎಂದರೆ ಅವರು ಕೊಟ್ಟೇ ಇಲ್ಲವೆಂದಾಯಿತು. ಹಾಗಾದರೆ ಅವರ ಪಾಲಿಗೆ ಉಳಿಯುವುದು ಏನು? ಗಾಡಿ ತಿರುಗಿಸಿ ಕಳಿಸಿದ್ದು ಮಾತ್ರ.

ಸಾಹೇಬರು ಗಾಡಿಯ ವಿಷಯ ಕೇಳುವುದಿಲ್ಲ. ಫ್ಯಾಕ್ಟರಿಯಲ್ಲಿ ಅದಕ್ಕೆ ಕಾನೂನಿಲ್ಲ. ತಮ್ಮನಿಗೆ ತನ್ನ ಹೆಸರು ಕೊಟ್ಟದ್ದಕ್ಕೆ ನೌಕರಿ ಹೋಗುತ್ತದೆ, ನೋವಿನ ಔಷಧ ಹಿಡಿದು ಬಂದವರನ್ನು ಬಾಗಿಲಿನಿಂದ ಕಳಿಸಿದ್ದಕ್ಕೆ ಯಾರೂ ಏನೂ ಅನ್ನುವುದಿಲ್ಲ. ನಾನಾಗಿ ಅದನ್ನು ಹೇಳುವುದೂ ಇಲ್ಲ, ಹೆದರಬೇಡಿ. ಅವರು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಬೇನೆ ಇದ್ದದ್ದು ನನ್ನ ಗಂಡ ಕಲ್ಲೇಶ ಅವರಿಗೆ. ಕಾರ್ಡನ್ನು ನಮ್ಮ ಭಾವ ತಮ್ಮ ಕೈಯಾರೆ ಕೊಟ್ಟರು, ನಾವು ಗೊತ್ತಿದ್ದೂ ತೆಗೆದುಕೊಂಡೆವು, ವಿಜಯಶ್ರೀ ಎಂದು ಸುಳ್ಳು ಹೇಳಿ ಸಹಿ ಹಾಕಿದವಳು ನಾನು. ಇದನ್ನು ಪಿಂಕಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಹೇಳುತ್ತೇನೆ, ಸೋಮವಾರ ಕ್ಲಾಸಿಗೆ ಹೋಗದೆ ಬಾ ಅಂದಿದ್ದೇನೆ. ನನಗೇನಾದರೂ ಶಿಕ್ಷೆ ಇದ್ದರೆ ಆಗಲಿ. ಭಾವನವರ ನೌಕರಿ ಹೋದರೆ ಹೋಗಲಿ. ಮತ್ತೊಂದು ಸಿಗುತ್ತದೆ ಎಂದು ಅವರೇ ಹೇಳಿದ್ದರು.

ನೀವು ಇನ್ನು ಫೋನ್ ಮಾಡಬೇಡಿ. ವರ್ಷದ ಪುಣ್ಯತಿಥಿಗೆ ಬರುವುದೂ ಬೇಡ. ಬಂದರೆ ನಾನು ಬಾಗಿಲು ತೆಗೆಯುತ್ತೇನೆ, ನಮ್ಮ ಮನೆಯಲ್ಲಿ ಬಂದವರನ್ನು ಕಳಿಸುವ ರೂಢಿ ಇಲ್ಲ. ಆದರೆ ಬರಬೇಡಿ.

ಇಂತು,
ಶಿವದೇವಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಲಕೋಟೆ ಅಂಟಿಸುವ ಮುಂಚೆ ಮನಸ್ಸು ತಡೆಯಲಿಲ್ಲ. ಕಾರ್ಡು ನಮ್ಮ ಹೆಸರಿನದಲ್ಲ ಎಂದು ಗೊತ್ತಾದರೆ ನೀವು ಔಷಧ ಕೊಡುತ್ತಿದ್ದಿರಾ, ಪೊಲೀಸರಿಗೆ ಹೇಳುತ್ತಿದ್ದಿರಾ ಎಂದು ಲಹರಿಯನ್ನು ಕೇಳಿದೆ. "ನಾವು ಟ್ರಸ್ಟಿನವರ್ರಿ ಅಕ್ಕಾರ. ನಮ್ಮಲ್ಲಿ ಕಾರ್ಡ್ ಯಾರ್ ಕೇಳ್ತಾರ? ಯಾರಿಗೂ ಬಿಲ್ಲಿಲ್ಲ. ಡಾಕ್ಟರ್ ಪೇಷಂಟನ್ನ ನೋಡಿ, ಅವನ ಹೆಸರಿಗೆ ಹೊಸಾ ಚೀಟಿ ಬರದು ಅವತ್ತ ಗುಳಗಿ ಶುರು ಮಾಡ್ತಿದ್ರು" ಅಂದಳು. ಭಾವನವರು ಬಾಗಿಲಲ್ಲಿ ನಿಂತು, ಆ ಮನುಷ್ಯ ಇಲ್ಲಿಲ್ಲ, ಜೀಡಿಮೆಟ್ಲಾದಲ್ಲಿ ನನ್ನ ತಮ್ಮ ಇದ್ದಾನೆ, ಅಲ್ಲಿಗೆ ಹೋಗಿ ಎಂದಿದ್ದರೆ ಸಾಕಿತ್ತಂತೆ.